ಎದೆಬಡಿತ ನಿಲ್ಲುವವರೆಗೆ

ಕಾಲಿನಾಳಿಗೆ ಗರ್ಭದ ನೀರು ಒಡೆದದ್ದು ನಮ್ಮ ಬೇಕರಿಯ ಹಿಂದಿನ ಕೋಣೆಯಲ್ಲಿ, ಉಪವಾಸದ ಕಾಲಕ್ಕೆ ಮುಂಚೆ ಬರುವ ಆ ಕೊಬ್ಬಿನ ಗುರುವಾರದಂದು. ಆ ದಿನ ನಮ್ಮೂರು ಯಾವೊರ್ಕಾದಲ್ಲಿ ಪೊಂಚ್ಕಿ ಎಂಬ ಕರಿದ ಸಿಹಿಯುಂಡೆ ತಿನ್ನದವರಿಗೆ ವರ್ಷವಿಡೀ ದರಿದ್ರ ಎಂದು ನಂಬಿಕೆ. ಬೆಳಕು ಹರಿಯುವ ಮುನ್ನವೇ ಹಿಮ ತುಳಿಯುತ್ತ ಜನ ಸಾಲು ನಿಂತಿದ್ದರು. ನಾನು ಬಾಣಲೆಯ ಮುಂದಿದ್ದೆ. ಅವಳು ಗೋಡೆಗೆ ಒರಗಿ ಕೂತು, ಕರಿದ ಬಿಸಿ ಉಂಡೆಗಳೊಳಗೆ ಗುಲಾಬಿ ಜಾಮು ತುಂಬುತ್ತಿದ್ದಳು. ಐದು ತಿಂಗಳು ತುಂಬಿ ಆರಕ್ಕೆ ಬೀಳುವುದರಲ್ಲಿತ್ತು.

"ತೆಕ್ಲಕ್ಕಾ, ನಾನೇನೂ ಚೆಲ್ಲಿಲ್ಲ ಕಣಕ್ಕ. ಆದ್ರೂ ನೆಲ ಎಲ್ಲಾ ಒದ್ದೆ ನೋಡು" ಎಂದಳು. ನಗುತ್ತಲೇ ಶುರುಮಾಡಿದ ಮಾತು. ನನ್ನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದಳು.

ಕಾಲಿನಾ ನನ್ನ ತಮ್ಮ ಲೆಶೆಕ್‌ನ ಹೆಂಡತಿ. ಅವನು ಮನೆಗಳಿಗೆ ಮಾಡು ಹೊದಿಸುವ ಕೆಲಸದವನು. ಅಮ್ಮ ಬೇಗ ಹೋದದ್ದರಿಂದ ಅವನನ್ನು ಸಾಕಿದವಳು ನಾನೇ. ಇವಳು ಮದುವೆಯಾಗಿ ಬಂದ ಮೊದಲ ವಾರವೇ ನನ್ನ ರೊಟ್ಟಿಗೆ ಉಪ್ಪು ಸಾಲದು ಎಂದು ಗಿರಾಕಿಗಳ ಎದುರು ಹೇಳಿದ್ದಳು. ನನಗೆ ಸಿಟ್ಟು ಬಂದಿತ್ತು. ಉಪ್ಪು ಹೆಚ್ಚಿಸಿದ ಮೇಲೆ ರೊಟ್ಟಿ ಹೆಚ್ಚು ಖರ್ಚಾಯಿತು. ಅಂಥವಳು. ಅವರಿಗೆ ನೆಲಾ ಎಂಬ ಮಗಳಿದ್ದಳು, ಇನ್ನೂ ಶಾಲೆಗೆ ಹಾಕಿರಲಿಲ್ಲ. ಈ ಎರಡನೆಯದು ಬಯಸಿ ಬಯಸಿ ಆದ ಗರ್ಭ.

ಹಿಂದಿನ ಶರತ್ಕಾಲದಲ್ಲಿ ರಾಜಧಾನಿ ವಾರ್ಸಾದ ನ್ಯಾಯಪೀಠ, ಹೊಟ್ಟೆಯೊಳಗಿನ ಮಗು ಬದುಕಲಾರದಷ್ಟು ಊನವಾಗಿದ್ದರೂ ತೆಗೆಯಕೂಡದು ಎಂದು ತೀರ್ಪು ಕೊಟ್ಟಿತ್ತು. ತಾಯಿಯ ಪ್ರಾಣಕ್ಕೋ ಆರೋಗ್ಯಕ್ಕೋ ಕುತ್ತು ಬಂದರೆ, ಇಲ್ಲವೇ ಅತ್ಯಾಚಾರವಾಗಿದ್ದರೆ ಮಾತ್ರ ಬಿಡುವು. ನಮ್ಮ ಇಗರ್ಜಿಯ ಫಾದರ್ ಬೆನೊನ್ ಎಷ್ಟೋ ವರ್ಷದಿಂದ ಪ್ರಸಂಗಗಳಲ್ಲಿ ಇದಕ್ಕಾಗಿಯೇ ಕೂಗುತ್ತ ಬಂದವರು. ಆ ಭಾನುವಾರ ಕೃತಜ್ಞತೆಯ ಪೂಜೆ ಮಾಡಿದರು. ನಾನು ಗಾಯನವೃಂದದವಳು, ಮನಸಾರೆ ಹಾಡಿದೆ. ಹೊರಗೆ ಚೌಕದಲ್ಲಿ ಒಂದಷ್ಟು ಹುಡುಗಿಯರು ತೀರ್ಪಿನ ವಿರುದ್ಧ ರಟ್ಟಿನ ಫಲಕ ಹಿಡಿದು ಮಳೆಯಲ್ಲಿ ನಿಂತಿದ್ದರು. ಕಾಲಿನಾ ಒಂದು ಬುಟ್ಟಿ ಬನ್ನು ತೆಗೆದುಕೊಂಡು ಹೋಗಿ ಅವರಿಗೆ ಹಂಚಿ ಬಂದಳು.

"ಯಾರಿಗೆ ಏನು ಕೊಡ್ತಾ ಇದೀಯ ಅಂತ ಗೊತ್ತೇನೇ ನಿಂಗೆ? ಇಗರ್ಜಿ ಗೋಡೆಗೆ ಬಣ್ಣ ಎರಚಿದವರು ಅವರು" ಎಂದು ಬೈದೆ.

"ಎರಚಿರ್ಲಿ ಅಕ್ಕ. ಚಳಿ ಎಲ್ರಿಗೂ ಒಂದೇ ಅಲ್ವಾ? ನಿನ್ನೆಯ ಬನ್ನು, ನಾಳೆ ಹಂದಿಗೆ ಹಾಕೋದೇ ತಾನೇ."

ಅವಳಿಗೆ ವಾದವೆಲ್ಲ ಬೇಕಿರಲಿಲ್ಲ. ಆ ಗುರುವಾರ ಲೆಶೆಕ್ ಅವಳನ್ನು ಜಿಲ್ಲಾಸ್ಪತ್ರೆಗೆ ಕರೆದೊಯ್ಯುವಾಗಲೂ, "ಬಾಣಲೆ ಉರಿ ಸಣ್ಣ ಮಾಡು ಅಕ್ಕ, ಸೀದುಹೋಗುತ್ತೆ" ಎಂದೇ ಹೇಳಿ ಹೋದಳು.

ಅದು ಸಾಂಕ್ರಾಮಿಕದ ಕಾಲ. ಗಂಡನನ್ನು ಬಾಗಿಲಲ್ಲೇ ತಡೆದರು. ಅವಳೊಬ್ಬಳೇ ಚೀಲ ಹಿಡಿದು ಒಳಗೆ ನಡೆದಳು. ಅಲ್ಲಿಂದ ಮುಂದೆ ನಮಗೆ ಸಿಕ್ಕಿದ್ದು ಫೋನಿನಲ್ಲಿ ಅವಳ ದನಿ ಮಾತ್ರ.

"ಏನಂತಾರೆ?"

"ಮಗು ಉಳಿಯಲ್ಲ ಅಂತಾರೆ ಅಕ್ಕ. ನೀರೆಲ್ಲ ಹೋಗಿದೆ. ಇಷ್ಟು ಬೇಗ ಹುಟ್ಟಿದ್ರೂ ಉಳಿಯಲ್ಲ, ಒಳಗಿದ್ರೂ ಬೆಳೆಯಲ್ಲ."

"ಮತ್ತೇನು ಮಾಡ್ತಾರಂತೆ?"

"ಕಾಯ್ತಾರಂತೆ. ಎದೆ ಬಡೀತಾ ಇದೆಯಲ್ಲ. ಅದು ತಾನಾಗೇ ನಿಲ್ಲೋವರೆಗೆ ಯಾರೂ ಕೈಹಚ್ಚೋ ಹಾಗಿಲ್ಲವಂತೆ."

"ಅಷ್ಟರಲ್ಲಿ ನಿನಗೇನಾದ್ರೂ ಆದ್ರೆ?"

"ಅದನ್ನೇ ಕೇಳ್ದೆ. ಆದಾಗ ನೋಡೋಣ ಅಂದ್ರು."

ಮರುದಿನ ಅವಳ ದನಿ ದಪ್ಪಗಾಗಿತ್ತು. ಮೈ ನಡುಗುತ್ತಿದೆ ಎಂದಳು. "ಆಗಾಗ ಬರ್ತಾರೆ, ಹೊಟ್ಟೆ ಮೇಲೆ ಯಂತ್ರ ಇಟ್ಟು ಬಡಿತ ಕೇಳ್ತಾರೆ, ಹೋಗ್ತಾರೆ. ಚಳಿ ಚಳಿ ಅಂತ ನಾನು ಬಡ್ಕೋತಾ ಇದ್ರೆ ಇನ್ನೊಂದು ಕಂಬಳಿ ತಂದು ಹೊದಿಸಿದ್ರು. ಅಕ್ಕ, ಆ ಬಡಿತ ಕೇಳಿದ್ರೆ ನನಗೆ ಖುಷಿಯಾಗುತ್ತೆ. ಇದೆಯಲ್ಲಾ ಅಂತ. ಆಮೇಲೆ, ನಿಂತಾದ್ರೂ ಹೋಗ್ಲಿ ಅನಿಸುತ್ತೆ. ಯಾವ ತಾಯಿಗೆ ಹಾಗನಿಸುತ್ತೆ ಹೇಳು?"

ಫೋನಿಟ್ಟ ಮೇಲೆ ಜಪಮಾಲೆ ಹಿಡಿದು ಕೂತೆ. ಏನೆಂದು ಬೇಡಿಕೊಳ್ಳಬೇಕೋ ಗೊತ್ತಾಗಲಿಲ್ಲ. ಮಗು ಉಳಿಯಲಿ ಎಂದರೆ ಸುಳ್ಳು ಬೇಡಿಕೆ. ಬೇಗ ಹೋಗಲಿ ಎಂದು ದೇವಮಾತೆಯ ಮುಂದೆ ಹೇಗೆ ಬಾಯಿ ಬಿಡಲಿ? ಬರಿದೇ ಮಣಿಗಳನ್ನು ಸರಿಸಿದೆ.

ಭಾನುವಾರ ಪೂಜೆ ಮುಗಿಯುವ ಹೊತ್ತಿಗೆ ಲೆಶೆಕ್ ಇಗರ್ಜಿಯ ಮೆಟ್ಟಿಲ ಬಳಿ ನಿಂತಿದ್ದ. ಕೆಲಸದ ಜಾಕೆಟ್ಟಿನಲ್ಲೇ ಬಂದಿದ್ದ, ಗಡ್ಡ ಬೋಳಿಸಿರಲಿಲ್ಲ. ಆ ಬೆಳಿಗ್ಗೆ ಅವಳು ಫೋನೆತ್ತಿ ಮಗಳ ಹೆಸರನ್ನು ತಪ್ಪಾಗಿ ಹೇಳಿದ್ದಳಂತೆ. "ಅಕ್ಕ, ಫಾದರ್ ಹತ್ರ ಹೋಗೋಣ ಬಾ" ಎಂದ. ಅವನು ಪಾದ್ರಿಯ ಮನೆಯ ಹೊಸ್ತಿಲು ತುಳಿದದ್ದು ಮದುವೆಗೆ ಮುಂಚೆ ಒಮ್ಮೆ, ಮತ್ತೆ ಅವತ್ತು.

ಫಾದರ್ ಬೆನೊನ್ ಊಟಕ್ಕೆ ಕೂತಿದ್ದರು. ಕೋಳಿಸಾರಿನ ಬಟ್ಟಲಿಂದ ಹಬೆ ಏಳುತ್ತಿತ್ತು. ಒರಟು ದನಿಯ, ದೊಡ್ಡ ಕೈಗಳ ಮನುಷ್ಯ ಅವರು. ಲೆಶೆಕ್‌ಗೆ ಜ್ಞಾನಸ್ನಾನ ಕೊಟ್ಟವರೂ ಅವರೇ.

"ಫಾದರ್, ನೀವು ಬಂದು ಡಾಕ್ಟರಿಗೆ ಹೇಳ್ಬೇಕು" ಎಂದ ಲೆಶೆಕ್.

"ಏನಂತ?"

"ಮಾಡಬಹುದು ಅಂತ."

ಫಾದರ್ ನನ್ನ ಕಡೆ ನೋಡಿದರು. ನಾನು ಎಲ್ಲ ಹೇಳಿದೆ. ಅವರು ತಲೆಯಾಡಿಸಿದರು. "ನಾನು ವೈದ್ಯ ಅಲ್ವಲ್ಲ ತೆಕ್ಲಾ. ಅದು ವೈದ್ಯರು ತೀರ್ಮಾನ ಮಾಡೋದು. ಕಾನೂನಲ್ಲೇ ಇದೆ, ತಾಯಿ ಜೀವಕ್ಕೆ ಅಪಾಯ ಬಂದ್ರೆ..."

"ಡಾಕ್ಟರನ್ನ ಕೇಳಿದ್ರೆ ಕಾನೂನು ಅಂತಾರೆ. ವಕೀಲರಿಗೆ ಫೋನ್ ಮಾಡಿದ್ರೆ ಡಾಕ್ಟರ್ ವಿವೇಚನೆ ಅಂತಾರೆ. ಈಗ ನೀವೂ ಅದೇ ಅಂತೀರಿ. ಎಲ್ರೂ ಬೇರೆಯವರ ಕಡೆ ಕೈ ತೋರಿಸಿದ್ರೆ ನಾನು ಯಾರ ಕಾಲು ಹಿಡೀಲಿ ಫಾದರ್?"

"ಕೂತ್ಕೋ ಲೆಶೆಕ್. ಮೊದಲು ಪ್ರಾರ್ಥನೆ ಮಾಡೋಣ."

"ಕಾರಲ್ಲಿ ಮಾಡಿ."

ಫಾದರಿಗೆ ಹಾಗೆ ಮಾತಾಡಿದವರನ್ನು ನಾನು ಕಂಡಿರಲಿಲ್ಲ. ಅವರು ಚಮಚ ಕೆಳಗಿಟ್ಟರು. ಬೈಯುತ್ತಾರೆಂದುಕೊಂಡೆ. ಎದ್ದು ಕೋಟು ಹಾಕಿಕೊಂಡರು, ರೋಗಿಗಳಿಗೆ ಹಚ್ಚುವ ಪವಿತ್ರ ಎಣ್ಣೆಯ ಕುಪ್ಪಿಯನ್ನು ಜೇಬಿಗೆ ಹಾಕಿಕೊಂಡರು.

ಆಸ್ಪತ್ರೆಯ ಗಾಜಿನ ಬಾಗಿಲಲ್ಲಿ ಕಾವಲಿನವನು ಎಣ್ಣೆಯ ಕುಪ್ಪಿ ನೋಡಿದೊಡನೆ ದಾರಿ ಬಿಟ್ಟ. ಸಾಯುವವರ ಬಳಿ ಪಾದ್ರಿ ಹೋಗಬಹುದಿತ್ತು, ಗಂಡ ಹೋಗುವಂತಿರಲಿಲ್ಲ. ಲೆಶೆಕ್ ಗಾಜಿಗೆ ಹಣೆಯೊತ್ತಿ ನಿಂತ. ಬಹಳ ಹೊತ್ತಿನ ಮೇಲೆ ಫಾದರ್ ಹೊರಬಂದಾಗ ಜೊತೆಗೆ ವಾರ್ಡಿನ ಮುಖ್ಯಸ್ಥ ಡಾಕ್ಟರ್ ವೆರ್ಬಾ ಇದ್ದರು. ನೆಲಾ ಹುಟ್ಟಿದಾಗ ಹೆರಿಗೆ ಮಾಡಿಸಿದ್ದವರೂ ಅವರೇ, ಕೆಟ್ಟವರಲ್ಲ. ಅವರು ಹೇಳಿದ ಮೇಲೆ ಕಾವಲಿನವನು ನಮ್ಮನ್ನು ಬಾಗಿಲ ಒಳಗಿನ ಚಿಕ್ಕ ಪಡಸಾಲೆಯವರೆಗೆ ಬಿಟ್ಟ, ಅಲ್ಲಿ ನಾವು ನಾಲ್ವರೂ ನಿಂತೆವು.

ಫಾದರ್ ಮುಖ ಬಿಳಿಚಿಕೊಂಡಿತ್ತು. "ಡಾಕ್ಟ್ರೇ, ಆ ಹುಡುಗಿ ಮೈ ಕೆಂಡ ಆಗಿದೆ. ತುಟಿ ನೀಲಿ. ನನ್ನನ್ನ ಗುರುತು ಹಿಡೀಲಿಲ್ಲ. ಇನ್ನೇನಕ್ಕೆ ಕಾಯ್ತಾ ಇದೀರಿ?"

"ಔಷಧಿ ಕೊಡ್ತಾ ಇದೀವಿ ಫಾದರ್. ಬಡಿತ ಕ್ಷೀಣವಾಗಿದೆ. ಇವತ್ತು ನಾಳೆಯಲ್ಲಿ ನಿಲ್ಲುತ್ತೆ."

"ಅದು ಹೇಗೂ ಉಳಿಯಲ್ಲ ಅಂತ ನೀವೇ ಹೇಳಿದ್ರಿ. ತಾಯಿಯನ್ನ ಉಳಿಸೋದು ಪಾಪ ಅಲ್ಲ. ಧರ್ಮಸಭೆ ಅದನ್ನ ಬೇಡ ಅನ್ನಲ್ಲ. ನಾನು ಹೇಳ್ತಾ ಇದೀನಿ ಕೇಳಿ, ಮಾಡಿ."

ಡಾಕ್ಟರ್ ಮುಖಗವಸನ್ನು ಕೆಳಗೆಳೆದರು. ನಿದ್ದೆಯಿಲ್ಲದ ಕಣ್ಣು. "ಪಾಪಕ್ಕಲ್ಲ ಫಾದರ್ ನಾನು ಹೆದರ್ತಾ ಇರೋದು. ಪಾಪ ಆದ್ರೆ ನಿಮ್ಮ ಹತ್ರ ಬಂದು ಮಂಡಿಯೂರಿ ಕಳ್ಕೋಬಹುದು. ನಾನಿವತ್ತು ಕೈಹಚ್ಚಿದ್ರೆ ನಾಳೆ ಯಾರೋ ಬರೆದು ಹಾಕ್ತಾರೆ, ತಾಯಿ ಸಾಯೋ ಹಾಗೇನಿರಲಿಲ್ಲ, ವೆರ್ಬಾ ಮಗು ಕೊಂದ ಅಂತ. ಸರ್ಕಾರಿ ವಕೀಲರು ಬರ್ತಾರೆ. ಎಷ್ಟು ಜ್ವರ ಬಂದ್ರೆ ಅಪಾಯ ಅಂತ ಕಾನೂನಲ್ಲಿ ಎಲ್ಲಿ ಬರೆದಿದೆ? ಎಲ್ಲೂ ಇಲ್ಲ. ಮೂರು ವರ್ಷ ಜೈಲು ಅಂತ ಮಾತ್ರ ಬರೆದಿದೆ."

"ನಾನು ಸಾಕ್ಷಿ ಹೇಳ್ತೀನಿ."

"ಏನಂತ? ಪಾದ್ರಿ ಅನುಮತಿ ಕೊಟ್ರು ಅಂತಲಾ?" ಡಾಕ್ಟರ್ ನಕ್ಕರು, ಕೇಳಿ ಸಹಿಸುವಂಥ ನಗುವಲ್ಲ ಅದು. "ನೀವು ಪ್ರಸಂಗದ ಪೀಠದ ಮೇಲೆ ನಿಂತು ಹೇಳಿದ್ದು ಕಾನೂನಾಯ್ತು ಫಾದರ್. ಈ ಪಡಸಾಲೆಯಲ್ಲಿ ಹೇಳಿದ್ದು ಆಗಲ್ಲ."

ಲೆಶೆಕ್ ಆಗ ಮಂಡಿಯೂರಿದ. ಡಾಕ್ಟರ ಮುಂದೋ ಫಾದರ ಮುಂದೋ ತಿಳಿಯದಂತೆ ಇಬ್ಬರ ನಡುವೆ, ಒದ್ದೆ ನೆಲದ ಮೇಲೆ. "ಅವಳು ಬೇಕು ನನಗೆ. ಅವಳೊಬ್ಬಳು ಸಾಕು" ಎಂದ. ಇಬ್ಬರೂ ಬಗ್ಗಿ ಅವನನ್ನು ಎತ್ತಲು ಹೋದರು. ಅವನು ಇಬ್ಬರ ಕೈಯನ್ನೂ ತಳ್ಳಿದ.

ಡಾಕ್ಟರ್ ಒಳಗೆ ಹೋದರು. ಸಂಜೆಯ ಹೊತ್ತಿಗೆ ಬಡಿತ ನಿಂತಿತು. ಆಮೇಲೆ ಎಲ್ಲರೂ ಓಡಾಡಿದರು, ಅವಳನ್ನು ಶಸ್ತ್ರಚಿಕಿತ್ಸೆಗೆ ಒಯ್ದರು, ದೊಡ್ಡ ನಗರದ ಆಸ್ಪತ್ರೆಗೆ ಸಾಗಿಸಿದರು. ನಂಜು ರಕ್ತಕ್ಕೆಲ್ಲ ಏರಿತ್ತು. ಬೂದಿ ಬುಧವಾರದ ಬೆಳಿಗ್ಗೆ, ಊರಿನವರು ಹಣೆಗೆ ಬೂದಿ ಹಚ್ಚಿಸಿಕೊಳ್ಳಲು ಹೊರಟ ಹೊತ್ತಿನಲ್ಲಿ, ಕಾಲಿನಾ ಹೋಗಿಬಿಟ್ಟಳು ಎಂದು ಫೋನು ಬಂತು.

ಮಗು ಗಂಡು. ಒಂದೇ ಪೆಟ್ಟಿಗೆಯಲ್ಲಿ ಇಬ್ಬರನ್ನೂ ಇಡಿ ಎಂದ ಲೆಶೆಕ್. ಮಣ್ಣು ಕೊಡುವಾಗ ಫಾದರ್ ಪ್ರಾರ್ಥನೆ ಮುಗಿಸಿ ನಾಲ್ಕು ಮಾತಾಡಲೆಂದು ಬಾಯಿ ತೆರೆದರು. "ಬೇಡ ಫಾದರ್" ಎಂದ ಲೆಶೆಕ್, ಮೆಲ್ಲಗೆ. ಅವರು ಬಾಯಿ ಮುಚ್ಚಿದರು. ನೆಲಾ ನನ್ನ ಕೈ ಹಿಡಿದಿದ್ದಳು. ಹಿಮಕ್ಕೆ ಇಷ್ಟು ಗಟ್ಟಿಯಾದ ನೆಲವನ್ನು ಹೇಗೆ ಅಗೆದರು ಎಂದು ನನ್ನನ್ನು ಕೇಳಿದಳು.

ಆಮೇಲೆ ಕಾಲಿನಾ ಎಲ್ಲರ ಬಾಯಿಗೂ ಬಿದ್ದಳು. ನಗರದಲ್ಲಿ ಅವಳ ಫೋಟೋ ಹಿಡಿದು ಮೆರವಣಿಗೆ ಮಾಡಿದರು. ಫೋಟೋದಲ್ಲಿ ಅವಳು ನಮ್ಮ ಬೇಕರಿಯ ಏಪ್ರನ್ನು ಹಾಕಿಕೊಂಡಿದ್ದಳು, ಯಾರು ಕೊಟ್ಟರೋ ಕಾಣೆ. ಇಲ್ಲಿ ಊರಿನಲ್ಲಿ ಗಾಯನವೃಂದದ ಹೆಂಗಸರು ನನ್ನ ಕೈ ಹಿಸುಕಿ, "ಕಾನೂನಿನದೇನು ತಪ್ಪು ತೆಕ್ಲಾ, ಆ ಡಾಕ್ಟರ್‌ದು" ಎಂದರು. ಡಾಕ್ಟರು ಕಾನೂನಿನದು ಎಂದರು. ತನಿಖೆಯಾಯಿತು. ಫಾದರ್ ಬೆನೊನ್ ಹೋಗಿ ಆ ಪಡಸಾಲೆಯಲ್ಲಿ ನಡೆದದ್ದನ್ನು ಇದ್ದಂತೆಯೇ ಹೇಳಿದರು. ಅಧಿಕಾರಿಗಳು ಕೇಳಿಸಿಕೊಂಡು, ಪಾದ್ರಿಯ ಅಭಿಪ್ರಾಯಕ್ಕೂ ವೈದ್ಯಕೀಯ ನಿರ್ಧಾರಕ್ಕೂ ಸಂಬಂಧವಿಲ್ಲ ಎಂದರಂತೆ. ವೆರ್ಬಾ ಕೆಲಸ ಬಿಟ್ಟು ಊರು ಬಿಟ್ಟರು. ವಿಚಾರಣೆ ಇನ್ನೂ ನಡೆದೇ ಇದೆ.

ಈಸ್ಟರಿಗೆ ಮುಂಚೆ ಒಂದು ದಿನ ಫಾದರ್ ಬೇಕರಿಯ ಹಿಂಬಾಗಿಲಿಗೆ ಬಂದರು. ಹಿಟ್ಟಿನ ಮೂಟೆಯ ಮೇಲೆ ಕೂತರು. "ಏನು ಮಾಡ್ಲಿ ತೆಕ್ಲಾ?" ಎಂದರು. ಆ ಮನುಷ್ಯ ನನ್ನನ್ನು ಕೇಳುವುದೆಂದರೆ!

"ಡಾಕ್ಟರಿಗೆ ಹೇಳಿದ್ರಲ್ಲ ಫಾದರ್, ಅದನ್ನೇ ಪೀಠದ ಮೇಲಿಂದ ಹೇಳಿ" ಎಂದೆ.

"ಬಿಷಪ್ಪರು ಸುಮ್ಮನಿರಲ್ಲ."

"ಇರಲ್ಲ" ಎಂದೆ.

ಗರಿಗಳ ಭಾನುವಾರ, ಎಲ್ಲರೂ ಗರಿ ಹಿಡಿದು ಪೂಜೆಗೆ ಬರುವ ದಿನ, ಅವರು ಹೇಳಿದರು. ಮೇಲೆ ಆರ್ಗನಿನ ಪಕ್ಕದಲ್ಲಿ ನಿಂತು ನಾನು ಕೇಳಿಸಿಕೊಂಡೆ. "ತಾಯಿಯನ್ನು ಉಳಿಸುವುದು ಪಾಪವಲ್ಲ ಎಂದು ನಾನು ಆಸ್ಪತ್ರೆಯಲ್ಲಿ ಹೇಳಿದೆ. ಯಾರೂ ನಂಬಲಿಲ್ಲ. ಯಾಕೆ ನಂಬುತ್ತಾರೆ? ಇಷ್ಟು ವರ್ಷ ಇಲ್ಲಿ ನಿಂತು ನಾನು ಅದನ್ನು ಒಂದು ಸಲವೂ ಹೇಳಿರಲಿಲ್ಲ. ಹೆದರಿ ಎಂದು ಮಾತ್ರ ಹೇಳಿದ್ದೆ. ನೀವು ಹೆದರಿದಿರಿ." ಕೆಳಗೆ ಯಾರೋ ಕೆಮ್ಮಿದರು. ಮುಂದಿನ ಸಾಲಿನ ಒಂದು ಸಂಸಾರ ಎದ್ದು, ಗರಿಗಳನ್ನು ಬೆಂಚಿನ ಮೇಲೆಯೇ ಬಿಟ್ಟು ಹೊರಗೆ ನಡೆಯಿತು. ಉಳಿದವರು ಕೂತಿದ್ದರು. ಒಪ್ಪಿದರೋ ಇಲ್ಲವೋ ಅವರ ಬೆನ್ನು ನೋಡಿ ಹೇಳುವುದು ಹೇಗೆ?

ನಾನು ಓಡಿ ಹೋಗಿ ಲೆಶೆಕ್‌ಗೆ ಹೇಳಿದೆ. ಅವನು ಅಡಿಗೆಮನೆಯಲ್ಲಿ ಮಗಳ ಜಡೆ ಹೆಣೆಯಲು ಕಲಿಯುತ್ತಿದ್ದ. ಬೆರಳುಗಳು ಸಿಕ್ಕಿಕೊಳ್ಳುತ್ತಿದ್ದವು.

"ಹೇಳಿದ್ರಾ?" ಎಂದ. ಜಡೆಯಿಂದ ಕಣ್ಣೆತ್ತಲಿಲ್ಲ. "ಈಗ ಯಾರಿಗೆ ಹೇಳಿದ್ರಂತೆ?"

ಬೇಸಿಗೆಗೆ ಮುಂಚೆಯೇ ಫಾದರ್ ಬೆನೊನರನ್ನು ದೂರದ ಒಂದು ಕನ್ಯಾಮಠಕ್ಕೆ, ಅಲ್ಲಿಯ ಸನ್ಯಾಸಿನಿಯರಿಗೆ ಪೂಜೆ ನಡೆಸಿಕೊಡಲು, ವರ್ಗ ಮಾಡಿದರು. ಹೊಸಬರು ಎಳೆಯ ವಯಸ್ಸಿನವರು, ಚೆನ್ನಾಗಿ ಹಾಡುತ್ತಾರೆ, ಈ ವಿಷಯವನ್ನೇ ಎತ್ತುವುದಿಲ್ಲ. ಕಾನೂನು ಹಾಗೇ ಇದೆ. ನಾನು ಈಗಲೂ ಭಾನುವಾರ ಹೋಗುತ್ತೇನೆ. ಲೆಶೆಕ್ ಬರುವುದಿಲ್ಲ. ನೆಲಾಳನ್ನು ಶಾಲೆಗೆ ಸೇರಿಸುವಾಗ ಧರ್ಮಪಾಠ ಬೇಡ ಎಂದ. ನಾನು ಅದಕ್ಕೆ ಬಾಯಿ ಹಾಕಲಿಲ್ಲ.

ಕಾಲಿನಾಳ ಜಾಗಕ್ಕೆ ಮಿರೆಲಾ ಎಂಬ ಹುಡುಗಿಯನ್ನು ಇಟ್ಟುಕೊಂಡಿದ್ದೇನೆ. ಅವಳು ಬಸುರಿ ಎಂದು ಹೋದ ತಿಂಗಳು ಗೊತ್ತಾಯಿತು. ಹೊಟ್ಟೆಯೊಳಗಿನ ಮಗು ಚೆನ್ನಾಗಿದೆ, ಅವಳೂ ಚೆನ್ನಾಗಿದ್ದಾಳೆ. ಆದರೂ ಒಂದು ಸಂಜೆ ಭಟ್ಟಿ ಆರಿಸುವಾಗ ಅಳತೊಡಗಿದಳು. ಬೆಟ್ಟದಾಚೆ, ನಮ್ಮ ಕಾನೂನು ನಡೆಯದ ಸ್ಲೊವಾಕರ ದೇಶದ ಊರಿನ ಆಸ್ಪತ್ರೆಯಲ್ಲಿ ಹೆಸರು ಬರೆಸಿದರೆ ಆಗುತ್ತದಾ ಎಂದು ಕೇಳಿದಳು. ಮರುದಿನ ಬೇಕರಿಗೆ ಬೀಗ ಹಾಕಿ ನಾನೇ ಅವಳನ್ನು ಕಾರಿನಲ್ಲಿ ಕರೆದೊಯ್ದೆ. ಘಾಟಿಯ ತಿರುವುಗಳಲ್ಲಿ ಎರಡು ಸಲ ಕಾರು ನಿಲ್ಲಿಸಿದೆ, ಅವಳು ಇಳಿದು ವಾಂತಿ ಮಾಡಿದಳು.

"ತೆಕ್ಲಕ್ಕ, ಅಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮೊದಲು ನನ್ನನ್ನ ನೋಡ್ತಾರಾ?"

"ನೋಡ್ತಾರಂತೆ" ಎಂದೆ. "ಬಾಯಿ ತೊಳ್ಕೊಂಡು ಹತ್ತು. ಹೆಸರು ಬರೆಯೋ ಕೌಂಟರ್ ಮುಚ್ಚೋದ್ರೊಳಗೆ ಸೇರ್ಬೇಕು."