ಅದಿಲ್ಲ, ಇದೈತೆ

ನಲವತ್ತು ವರ್ಷ ದಾವಣಗೆರೆಯಲ್ಲಿ ಕಿರಾಣಿ ಅಂಗಡಿ ನಡೆಸಿದವನು ನಾನು, ಕಲ್ಲೇಶಪ್ಪ. ಗಿರಾಕಿ ಕೇಳಿದ ಸೋಪು ಇಲ್ಲದಿದ್ದರೆ "ಅದಿಲ್ಲ, ಇದೈತೆ, ಒಯ್ರಿ" ಎಂದು ಇನ್ನೊಂದನ್ನು ಕೈಗಿಟ್ಟು ಕಳಿಸುತ್ತಿದ್ದೆ. ಬರಿಗೈಯಲ್ಲಿ ಯಾರನ್ನೂ ಕಳಿಸಿದವನಲ್ಲ ಎಂಬ ಜಂಬ ಬೇರೆ. ಅಂಗಡಿ ಮುಚ್ಚಿ ಆರು ವರ್ಷವಾಯಿತು, ಆ ಚಟ ಮಾತ್ರ ಹೋಗಲಿಲ್ಲ. ನನ್ನ ಹೆಂಡತಿಯಿಂದ ಅವಳ ಅವ್ವನನ್ನು ಕಿತ್ತುಕೊಂಡದ್ದು ಆ ಚಟವೇ. ಅತಿಯಾಗಿ ಹೇಳುತ್ತಿದ್ದಾನೆ ಅಂತ ನಿಮಗೆ ಅನ್ನಿಸಿದರೆ ಅನ್ನಿಸಲಿ.

ನನ್ನ ಹೆಂಡತಿ ಗುರುಶಾಂತಮ್ಮನಿಗೆ, ನನ್ನ ಬಾಯಲ್ಲಿ ಶಾಂತಾ, ಮರೆವಿನ ಕಾಯಿಲೆ. ಮೊದಲು ಗ್ಯಾಸ್ ಆರಿಸುವುದನ್ನು ಮರೆತಳು. ಆಮೇಲೆ ನಿಜಲಿಂಗಪ್ಪ ಬಡಾವಣೆಯಲ್ಲಿ ನಮ್ಮ ಮನೆ ಯಾವ ತಿರುವಿನಲ್ಲಿದೆ ಎಂಬುದನ್ನು ಮರೆತಳು. ಒಂದು ದಿನ, ನಮ್ಮ ಜೊತೆಗೇ ಇರುವ ಮಗಳು ವಾಣಿಗೆ "ಯಾರವ್ವಾ ನೀನು" ಎಂದು ಕೇಳಿದಳು. ಆದರೆ ಭಾನುವಳ್ಳಿಯ ಅವಳ ಅವ್ವನನ್ನು ಮರೆತಿರಲಿಲ್ಲ. ಇವಳಿಗೆ ಒಂಬತ್ತು ವರ್ಷವಿದ್ದಾಗಲೇ ತೀರಿಕೊಂಡ ಹೆಂಗಸು ಆಕೆ. ಸಂಜೆ ದೀಪ ಹಚ್ಚುವ ಹೊತ್ತಾದರೆ ಸಾಕು, ಅವ್ವ ಎಲ್ಲಿ, ಅವ್ವನನ್ನು ತೋರಿಸಿ ಎಂದು ಚಿಕ್ಕ ಹುಡುಗಿಯ ಹಾಗೆ ಅಳುತ್ತಿದ್ದಳು. ಏನು ತೋರಿಸಲಿ? ಒಂದು ಫೋಟೋ ಇರಲಿಲ್ಲ. ನಾನು ಆಕೆಯನ್ನು ನೋಡಿದವನಲ್ಲ, ನೋಡಿದ ಅವಳ ಅಣ್ಣಂದಿರು ಯಾರೂ ಬದುಕಿಲ್ಲ. ಆ ಮುಖ ಉಳಿದದ್ದು ಶಾಂತಾಳ ತಲೆಯಲ್ಲಿ ಮಾತ್ರ, ಆ ತಲೆಯೋ ದಿನದಿನಕ್ಕೆ ಖಾಲಿಯಾಗುತ್ತಿತ್ತು. ಅದು ಪೂರ್ತಿ ಅಳಿಸಿಹೋಗುವ ಮೊದಲು ಬಟ್ಟೆಯ ಮೇಲೆ ಚಿತ್ರವಾಗಿ ಇಳಿಸಿಕೊಳ್ಳಬೇಕು ಎಂದು ಹಟ ಹಿಡಿದೆ. ಹೊರಗಿನ ಕಲಾವಿದರನ್ನು ಕರೆಸಿದರೆ ಅವಳು ಹೆದರಿ ಬಾಯಿಯನ್ನೇ ಬಿಡುತ್ತಿರಲಿಲ್ಲ. ಅಂಗಡಿಯಲ್ಲಿ ಪೊಟ್ಟಣದ ಕಾಗದದ ಮೇಲೆ ಗಿರಾಕಿಗಳ ಮುಖ ಗೀಚುತ್ತಿದ್ದ ನಾನೇ ಕಲಿಯುವುದೆಂದಾಯಿತು.

ನಮ್ಮ ಅಂಗಡಿಯ ಬೋರ್ಡು ಬರೆದಿದ್ದ ಮೌಲಾ ಸಾಬ್ ಹರಿಹರದಲ್ಲಿದ್ದಾರೆ. ಭಾನುವಾರ ಬಸ್ಸು ಹತ್ತಿ ಅವರ ಮನೆಗೆ ಹೋದೆ. ಎಣ್ಣೆ ಬಣ್ಣವೇ ಸರಿ ಎಂದರು. ಮೂಗು ಸರಿಯಿಲ್ಲ ಎಂದು ಅಮ್ಮಾವರು ಹೇಳಿದರೆ ಮರುದಿನವೂ ತಿದ್ದಬಹುದಂತೆ. ಬೇಕಾದ ಸಾಮಾನುಗಳ ಚೀಟಿ ಬರೆದುಕೊಟ್ಟರು. ಕ್ಯಾನ್ವಾಸ್ ದುಬಾರಿ ಅನಿಸಿದರೆ ದಪ್ಪ ಹತ್ತಿ ಬಟ್ಟೆಗೆ ಫೆವಿಕಾಲಿನಲ್ಲಿ ಸೀಮೆಸುಣ್ಣದ ಪುಡಿ ಕಲಸಿ ಬಳಿಯಿರಿ ಎಂದರು. ಬಣ್ಣ ಕಲಸುವ ಹಲಗೆಯ ಬದಲು ಬಿಳಿ ಟೈಲ್ಸ್ ತುಂಡು ಸಾಕು, ಹತ್ತು ಬಣ್ಣದ ಬದಲು ಐದು ಸಾಕು. ಗಡಸು ಬ್ರಷ್ಷಿನ ಸಾಲಿಗೆ ಬಂದಾಗ ನಕ್ಕು, ಅದು ಯಾವ ಪ್ರಾಣಿಯ ಕೂದಲು ಅಂತ ನೀವೂ ಕೇಳಬೇಡಿ, ನಾನೂ ಹೇಳುವುದಿಲ್ಲ ಎಂದರು. ಕೊನೆಗೆ ಚೀಟಿಯ ಎರಡು ಸಾಲುಗಳ ಕೆಳಗೆ ಗೆರೆ ಎಳೆದರು.

"ಸಾವ್ಕಾರ್ರೇ, ಉಳಿದಿದ್ದಕ್ಕೆ ಏನು ಬದಲು ಮಾಡ್ತೀರೋ ಮಾಡ್ರಿ. ಅಗಸೆ ಎಣ್ಣೆ, ಟ್ಯೂಬಿನ ಬಿಳಿ, ಇವೆರಡನ್ನ ಮಾತ್ರ ಬದಲು ಮಾಡಬ್ಯಾಡ್ರಿ."

ಆಗಲಿ ಎಂದು ತಲೆಯಾಡಿಸಿ ಬಂದೆ. ಮೊಬೈಲಿನಲ್ಲಿ ಎಲ್ಲವನ್ನೂ ತರಿಸಿಕೊಡುತ್ತೇನೆ ಎಂದು ವಾಣಿ ಅಂದಳು. ನಲವತ್ತು ವರ್ಷ ಎಣ್ಣೆ ಅಳೆದವನಿಗೆ ಎಣ್ಣೆ ತರಿಸಿಕೊಡಲು ಬಂದೆಯಾ ಎಂದು ಅವಳ ಮೇಲೆ ರೇಗಿದೆ. ಎಣ್ಣೆ ಅಂದರೆ ಎಣ್ಣೆ. ಮನೆಯಲ್ಲಿ ಗಾಣದ ಶೇಂಗಾ ಎಣ್ಣೆ ಡಬ್ಬಿಗಟ್ಟಲೆ ಇತ್ತು. ಹಾರ್ಡ್‌ವೇರ್ ಅಂಗಡಿಯಿಂದ ಕಾವಿ ಪುಡಿ, ಹಳದಿ ಪುಡಿ, ಕಪ್ಪು ತಂದು ಆ ಎಣ್ಣೆಯಲ್ಲೇ ಅರೆದೆ. ಬಿಳಿಯನ್ನಂತೂ ಕೊಳ್ಳಲೇ ಇಲ್ಲ. ಶಾಂತಾ ಅವ್ವನ ಬಗ್ಗೆ ಹೇಳುವಾಗ ಮೊದಲು ಹೇಳುತ್ತಿದ್ದದ್ದೇ ಹಣೆಯ ತುಂಬ ಮೂರು ಬೆರಳಿನ ವಿಭೂತಿ. ಅದಕ್ಕೆ ಅಂಗಡಿಯ ಬಿಳಿ ಯಾಕೆ, ದೇವರ ಮಾಡದಲ್ಲಿರುವ ನಿಜವಾದ ವಿಭೂತಿಯೇ ಇರಲಿ ಎಂದುಕೊಂಡೆ. ಜಿಪುಣತನವಲ್ಲ, ಭಕ್ತಿ ಎಂದು ನನಗೆ ನಾನೇ ಹೇಳಿಕೊಂಡೆ. ಎರಡೂ ಇತ್ತು.

ಶ್ರಾವಣದಲ್ಲಿ ಶುರು ಮಾಡಿದೆ. ದಿನಾ ಬೆಳಿಗ್ಗೆ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳುತ್ತಿದ್ದೆ. ಹುಬ್ಬು ಹೆಂಗಿತ್ತು, ಮೂಗುತಿ ಯಾವ ಕಡೆ? ಒಂದು ದಿನ ಒಂದು ಮಾತು ಸಿಕ್ಕರೆ ಮೂರು ದಿನ ಏನೂ ಇಲ್ಲ. ತಪ್ಪಿದ್ದರೆ ಮುಖ ಹಿಂಡುತ್ತಿದ್ದಳು, ಒರೆಸಿ ಮತ್ತೆ ಬರೆಯುತ್ತಿದ್ದೆ. ಬಣ್ಣ ಒಣಗುತ್ತಲೇ ಇರಲಿಲ್ಲ. ಮಳೆಗಾಲದ ಥಂಡಿ ಎಂದುಕೊಂಡೆ. ತಿದ್ದಲು ಅನುಕೂಲವೇ ಆಯಿತಲ್ಲ ಎಂದು ಖುಷಿಯೂ ಪಟ್ಟೆ. ಇಂಥವನಿಗೆ ಏನನ್ನಬೇಕು ಹೇಳಿ. ಮೌಲಾ ಸಾಬರ ಮನೆಗೆ ಹೋಗುವುದನ್ನೂ ಬಿಟ್ಟೆ, ಎಣ್ಣೆ ಯಾವುದು ಎಂದು ಕೇಳಿದರೆ ಸುಳ್ಳು ಹೇಳಬೇಕಿತ್ತಲ್ಲ.

ಕಾರ್ತಿಕದ ಒಂದು ಸಂಜೆ ಹಣೆಯೊಂದೇ ಉಳಿದಿತ್ತು. ಎಣ್ಣೆಯಲ್ಲಿ ಅರೆದ ವಿಭೂತಿ ನೆನೆದ ಬೂದಿಯ ಬಣ್ಣಕ್ಕೆ ತಿರುಗಿತು, ಎಷ್ಟು ಮೆತ್ತಿದರೂ ಬಿಳಿ ಕಾಣಲಿಲ್ಲ. ಸಿಟ್ಟು ಬಂದು, ಒಣ ವಿಭೂತಿಯನ್ನೇ ಹಸಿ ಬಣ್ಣದ ಮೇಲೆ ಮೂರು ಗೆರೆಯಾಗಿ ಉದುರಿಸಿದೆ. ಬೆಳ್ಳಗೆ ಎದ್ದು ಕಂಡಿತು. ಶಾಂತಾ ಬಾಗಿಲಲ್ಲಿ ನಿಂತಿದ್ದಳು. ಹತ್ತಿರ ಬಂದು ನೆಲದ ಮೇಲೆ ಕೂತು "ಅವ್ವ" ಎಂದಳು. ಅಳಲಿಲ್ಲ. ಅಲ್ಲಿಯೇ ಕೂತು, ಶಾಲೆಯಲ್ಲಿ ಯಾರೋ ತನ್ನ ಬಳಪ ಕದ್ದರೆಂದು ಚಿತ್ರಕ್ಕೆ ಚಾಡಿ ಹೇಳಿದಳು. ಅವತ್ತು ನಾನು ಅತ್ತೆ, ಸಂತೋಷಕ್ಕೆ.

ಬೆಳಿಗ್ಗೆ ಎದ್ದು ನೋಡಿದರೆ ಎಣ್ಣೆ ಆ ಪುಡಿಯನ್ನೆಲ್ಲ ಕುಡಿದುಬಿಟ್ಟಿತ್ತು. ಅವ್ವನ ಹಣೆ ಬೋಳಾಗಿತ್ತು. ಆಮೇಲೆ ನಾನು ಸ್ನಾನಕ್ಕೆ ಹೋಗಿದ್ದೆ. ಶಾಂತಾ ತನ್ನ ಹಣೆಗೆ ವಿಭೂತಿ ಹಚ್ಚಿಕೊಂಡು, ಅವ್ವನ ಹಣೆಗೂ ಹಚ್ಚಲು ಹೋಗಿದ್ದಾಳೆ. ನೀರು ಸೋಕಿಸಿದ ಮೂರು ಬೆರಳನ್ನು ಇಟ್ಟು ಈ ಕಡೆಯಿಂದ ಆ ಕಡೆಗೆ ಎಳೆದಿದ್ದಾಳೆ. ನಾಲ್ಕು ತಿಂಗಳ ಹಸಿ ಬಣ್ಣ, ಹುಬ್ಬು ಕಣ್ಣು ಎಲ್ಲ ಬೆರಳಿನ ಜೊತೆಗೇ ಬಂದಿದೆ. ಸರಿಮಾಡಲು ಸೆರಗಿನಿಂದ ಒರೆಸಿದ್ದಾಳೆ. ನಾನು ಬಂದಾಗ ಬಟ್ಟೆಯ ಮೇಲೆ ಕೆಮ್ಮಣ್ಣಿನ ರಾಡಿ ಮಾತ್ರ ಇತ್ತು.

ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಅವಳ ಕೈ ಹಿಡಿದು ಜಗ್ಗಿ, "ಯಾಕ ಮುಟ್ಟಿದಿ? ಬುದ್ಧಿ ಐತೇನು ನಿನಗ?" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ. ಬುದ್ಧಿ ಹೋಗುತ್ತಿರುವವಳಿಗೆ ಆ ಮಾತು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಗೋಡೆಗೆ ಒತ್ತಿಕೊಂಡಳು. ವಾಣಿ ಬಂದು ನನ್ನನ್ನು ಹೊರಗೆ ಕಳಿಸಿದಳು.

ಹರಿಹರಕ್ಕೆ ಹೋಗಿ ಮೌಲಾ ಸಾಬರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಶೇಂಗಾ ಎಣ್ಣೆ ವರ್ಷವಾದರೂ ಒಣಗುವುದಿಲ್ಲ ಎಂದರು. ಅಗಸೆ ಎಣ್ಣೆಯಾಗಿದ್ದರೆ ವಾರದಲ್ಲಿ ಮುಟ್ಟಬಹುದಿತ್ತಂತೆ. ಸುಣ್ಣ, ಬೂದಿ ಇಂಥವು ಅಂಟಿನಲ್ಲಿ ಬಿಳಿಯಾಗಿ ನಿಲ್ಲುತ್ತವೆ, ಎಣ್ಣೆಯಲ್ಲಿ ಕರಗಿದ ಹಾಗೆ ಕಾಣದಾಗುತ್ತವೆ. ವಾರದಲ್ಲಿ ಎಂಬ ಮಾತು ಬಸ್ಸಿನುದ್ದಕ್ಕೂ ತಲೆಯಲ್ಲಿ ತಿರುಗುತ್ತಿತ್ತು.

ವಾಣಿ ಚೀಟಿಯಲ್ಲಿದ್ದ ಪ್ರತಿಯೊಂದನ್ನೂ ತರಿಸಿದಳು. ಹೊಸ ಬಟ್ಟೆಯ ಮುಂದೆ ಕೂತು, ಎಷ್ಟಾಗುತ್ತದೋ ಅಷ್ಟು ಮೆತ್ತಗೆ, ಅವ್ವನ ಹುಬ್ಬು ಹೆಂಗಿತ್ತು ಶಾಂತಾ ಎಂದು ಕೇಳಿದೆ. ಅವಳು ಬ್ರಷ್ಷನ್ನು ನೋಡಿದಳು, ಕೈಗಳನ್ನು ಬೆನ್ನ ಹಿಂದೆ ತೆಗೆದುಕೊಂಡಳು. ಮರುದಿನವೂ ಅಷ್ಟೇ, ಆ ವಾರವೆಲ್ಲ ಅಷ್ಟೇ. ಒಂದು ಮಾತೂ ಹೊರಡಲಿಲ್ಲ. ಕೆಟ್ಟುಹೋದ ಚಿತ್ರವನ್ನು ನೆನಪಿಸಿಕೊಂಡು ನಾನೇ ಬರೆದೆ. ಗದ್ದದ ಮೇಲೊಂದು ಮಚ್ಚೆಯಿತ್ತು. ಎಡಕ್ಕೋ ಬಲಕ್ಕೋ ನೆನಪಾಗಲಿಲ್ಲ, ಎಡಕ್ಕೆ ಇಟ್ಟೆ. ಅಷ್ಟರಲ್ಲಿ ಸಂಜೆ ಅವ್ವ ಬೇಕೆಂದು ಅಳುವುದು ನಿಂತುಹೋಗಿತ್ತು. ಅಮ್ಮ ಈಗ ಸಮಾಧಾನವಾಗಿದ್ದಾಳೆ ಎಂದು ವಾಣಿ ಅಂದಳು. ಸಮಾಧಾನವಲ್ಲ ಅದು ಎಂದು ನನಗೆ ಗೊತ್ತಿತ್ತು. ವಾಣಿಗೂ ಗೊತ್ತಿತ್ತು.

ಸಂಕ್ರಾಂತಿ ಕಳೆದು ಹದಿನೈದು ದಿನಕ್ಕೆ ಬಣ್ಣ ಒಣಗಿತು. ಹಣೆಯ ಮೇಲೆ ಟ್ಯೂಬಿನ ಬಿಳಿ, ಮೂರು ಗೆರೆ, ಹಾಕಿದ ಹಾಗೇ ನಿಂತಿತ್ತು. ಮಂಚದ ಎದುರಿನ ಗೋಡೆಗೆ ಚಿತ್ರ ನೇತುಹಾಕಿ ಶಾಂತಾಳನ್ನು ಕರೆತಂದು ನಿಲ್ಲಿಸಿದೆ. ಬಹಳ ಹೊತ್ತು ನೋಡಿದಳು.

"ಯಾರು ಹೇಳು," ಎಂದೆ.

ನೆಂಟರ ಮನೆಯ ಫೋಟೋ ನೋಡಿದವಳ ಹಾಗೆ ತಲೆಯಾಡಿಸಿದಳು. ಗೊತ್ತಿಲ್ಲ ಎಂಬುದನ್ನು ಮರ್ಯಾದೆಗೆ ಮುಚ್ಚಿಟ್ಟಳು. ನಾನು ಅವಳ ಕೈ ಹಿಡಿದು ಚಿತ್ರದ ಹಣೆಯ ಮೇಲೆ ಇಟ್ಟೆ. ಒಣಗೈತೆ, ಏನೂ ಆಗಲ್ಲ, ಮುಟ್ಟು ಎಂದೆ. ಅವಳು ಕೈಯನ್ನು ಕಿತ್ತುಕೊಂಡು ಬೆರಳು ನೋಡಿಕೊಂಡಳು. ಬೆರಳಿಗೆ ಏನೂ ಹತ್ತಿರಲಿಲ್ಲ. ಆದರೂ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಗೋಡೆಗೆ ಸರಿದಳು.

"ನಾನು ಮುಟ್ಟಿಲ್ರಿ," ಎಂದಳು.

ಊರು, ಮನೆ, ಮಗಳು, ಅವ್ವ, ಎಲ್ಲವನ್ನೂ ಮರೆತವಳು ಅದೊಂದನ್ನು ಮರೆತಿಲ್ಲ.