ಅಧ್ಯಕ್ಷರ ಪೋಷಕಿ

ಮಹಾಬಲೇಶ್ವರನನ್ನು ಅವನ ಕಂಪನಿಯವರು ಏಳು ತಿಂಗಳ ಮಟ್ಟಿಗೆ ಬೆಂಗಳೂರಿಗೆ ಕಳಿಸಿದಾಗ ಸ್ವೀಡನ್ನಿನ ಗೋಥೆನ್‌ಬರ್ಗಿನ ಕನ್ನಡ ಕೂಟ ಅಧ್ಯಕ್ಷರಿಲ್ಲದೆ ಉಳಿಯಿತು. ಅವನು ಆ ಊರಿನ ಲಿಂಡ್‌ಹೋಲ್ಮೆನ್‌ನಲ್ಲಿ ಕಾರುಗಳ ಒಳಗಿನ ಸಾಫ್ಟ್‌ವೇರ್ ಬರೆಯುತ್ತಿದ್ದ. ಕೂಟವನ್ನು ಮೂರು ವರ್ಷಗಳಿಂದ ಆಳುತ್ತಿದ್ದ. 'ಆಳುತ್ತಿದ್ದ' ಎಂಬುದು ಹೆಂಡತಿ ಕುಮುದಾಳ ಮಾತು. ಅದನ್ನು ಅವಳು ಬಾಯಿಬಿಟ್ಟು ಆಡಿದವಳಲ್ಲ. ಮಗಳು ಕೃತಿಯ ಶಾಲೆ ತಪ್ಪಬಾರದೆಂದು ಅವಳು ಇಲ್ಲೇ ಉಳಿದಳು.

ಅದು ೨೦೦೬ರ ಮಾರ್ಚ್. ಸಮಿತಿ ಕುಮುದಾಳ ಮನೆಯಲ್ಲೇ ಸೇರಿತು. ಕಾರ್ಯದರ್ಶಿ ಭಾಸ್ಕರ ಎರಡನೇ ಸಲ ಅವಲಕ್ಕಿ ಹಾಕಿಸಿಕೊಂಡು ವಿಷಯಕ್ಕೆ ಬಂದ.

"ಅಧ್ಯಕ್ಷರು ರಿಸೈನ್ ಮಾಡೋದೇನೂ ಬೇಡ ಅತ್ತಿಗೆ. ಅವ್ರು ಬರೋವರ್ಗೂ ನೀವು ನೋಡ್ಕೊಳಿ. ಸುಮ್ನೆ ಸೈನ್ ಹಾಕೋದು, ಅಷ್ಟೇ."

"ಯಾವ್ದಕ್ಕೆ ಸೈನ್?"

"ಏನ್ ಬರತ್ತೋ ಅದಕ್ಕೆ."

ಏನು ಬರುತ್ತದೋ ಅದಕ್ಕೆ ಸಹಿ ಹಾಕುವ ಪೈಕಿಯವಳಲ್ಲ ಕುಮುದಾ. ಹಾಲಿನ ಡಬ್ಬಿಯ ಮೇಲಿನ ಸಣ್ಣಕ್ಷರವನ್ನೂ ಓದಿಯೇ ಕೊಳ್ಳುತ್ತಿದ್ದಳು. ಆದರೂ ಆಗಲಿ ಎಂದಳು. ಬೇಡ ಎನ್ನಲು ಕಾರಣ ಹುಡುಕುವಷ್ಟರಲ್ಲಿ ಭಾಸ್ಕರ ಅದನ್ನು ನಡಾವಳಿಯಲ್ಲಿ ಬರೆದಾಗಿತ್ತು.

ಅದೇ ವಾರ ಅವಳ ಸ್ವೀಡಿಶ್ ತರಗತಿಯಲ್ಲಿ ಟೀಚರು ರಾಣಿ ಹೆಡ್ವಿಗ್ ಎಲಿಯೊನೊರಾಳ ಬಗ್ಗೆ ಎರಡು ಹಾಳೆ ಜೆರಾಕ್ಸ್ ಹಂಚಿದರು. ಜರ್ಮನಿಯಿಂದ ಬಂದ ಸೊಸೆ. ಹದಿನೆಂಟಕ್ಕೆ ಮದುವೆ, ಇಪ್ಪತ್ತಮೂರಕ್ಕೆ ವಿಧವೆ, ಮಗನಿಗೆ ನಾಲ್ಕು ವರ್ಷ. ಸಾಯುವ ಮುಂಚೆ ರಾಜ ಉಯಿಲು ಬರೆದಿಟ್ಟಿದ್ದ: ಮಗ ದೊಡ್ಡವನಾಗುವವರೆಗೆ ರಾಜ್ಯ ನೋಡಿಕೊಳ್ಳುವ ಮಂಡಳಿಯಲ್ಲಿ ಉಳಿದವರಿಗೆಲ್ಲ ಒಂದೊಂದು ಮತ, ರಾಣಿಗೆ ಎರಡು. ಮುಂದೆ ಮಗನೂ ತೀರಿಕೊಂಡಾಗ, ಮೊಮ್ಮಗನ ಪರವಾಗಿ ಮುದುಕಿಯನ್ನು ಇನ್ನೊಮ್ಮೆ ಕರೆದು ಕೂರಿಸಿದರು.

ಮೈಸೂರಿನಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿದವಳಿಗೆ ರೀಜೆಂಟ್ ಮಹಾರಾಣಿ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ; ವಾಣಿವಿಲಾಸ ಸನ್ನಿಧಾನದವರ ಹೆಸರಿನ ರಸ್ತೆಯಲ್ಲೇ ಅವಳು ಕಾಲೇಜಿಗೆ ನಡೆದಿದ್ದಳು. ಹೊಸದೆಂದರೆ ಅದಕ್ಕೆ ಆ ಹಾಳೆಯಲ್ಲಿದ್ದ ಸ್ವೀಡಿಶ್ ಪದ. ಫೊರ್‌ಮುಂದಾರೆ. ಮುಂದಾಳು ಎಂದಂತೆಯೇ ಕೇಳಿಸಿತು. ಅಷ್ಟು ಸಲೀಸಾಗಿ ಅವಳಿಗೆ ಒಲಿದ ಸ್ವೀಡಿಶ್ ಪದ ಇನ್ನೊಂದಿರಲಿಲ್ಲ.

ಏಪ್ರಿಲ್‌ನಲ್ಲಿ, ರಾಜ್ಯೋತ್ಸವಕ್ಕೆ ಸಭಾಂಗಣ ಕೇಳಿ ಕೊಮ್ಯೂನಿಗೆ, ಎಂದರೆ ಊರಿನ ನಗರಸಭೆಗೆ, ಅರ್ಜಿ ತುಂಬುವಾಗ, ಅವಳು ಒಂದೊಂದು ಮನೆಯನ್ನೂ ನಿಘಂಟು ನೋಡಿ ತುಂಬಿದಳು. ಅಧ್ಯಕ್ಷರ ಹೆಸರು: ಮಹಾಬಲೇಶ್ವರ. ಸಹಿ: ಕುಮುದಾ. ಯಾವ ಅಧಿಕಾರದಿಂದ ಸಹಿ? ಅಲ್ಲಿ ಮಾತ್ರ ನಿಘಂಟು ಬೇಕಾಗಲಿಲ್ಲ. ಫೊರ್‌ಮುಂದಾರೆ ಎಂದು ದುಂಡಗೆ ಬರೆದಳು.

ಜೂನ್‌ನಲ್ಲಿ ಉತ್ತರ ಬಂತು. ನವೆಂಬರ್ ಹನ್ನೊಂದು, ಶನಿವಾರ, ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತು. ವೇದಿಕೆ, ದೀಪ, ಅಡುಗೆಮನೆ, ನೂರೆಂಬತ್ತು ಕುರ್ಚಿ. ಮೂರು ವರ್ಷದಿಂದ ಮಹಾಬಲೇಶ್ವರ ಕೇಳಿ ಕೇಳಿ ಸಿಗದೆ, ಕೂಟದವರು ಭಾನುವಾರ ಬೆಳಿಗ್ಗೆ ಒಂದು ಬೌಲಿಂಗ್ ಹಾಲಿನ ಹಿಂದಿನ ಕೋಣೆಯಲ್ಲಿ, ಚೆಂಡು ಉರುಳುವ ಸದ್ದಿನ ನಡುವೆ ನಾಡಗೀತೆ ಹಾಡುತ್ತಿದ್ದರು. ಈ ಸಲವಂತೂ ಸುವರ್ಣ ಕರ್ನಾಟಕ, ಐವತ್ತನೇ ವರ್ಷ.

"ಏನ್ ಮಂತ್ರ ಹಾಕಿದ್ರಿ ಅತ್ತಿಗೆ?" ಎಂದ ಭಾಸ್ಕರ.

"ಫಾರಂ ತುಂಬ್ದೆ."

ಆ ಬೇಸಿಗೆಯಲ್ಲಿ ಕೂಟದ ಸಭೆಗಳು ಹೇಳಿದ ಹೊತ್ತಿಗೆ ಶುರುವಾಗಿ ಹೇಳಿದ ಹೊತ್ತಿಗೆ ಮುಗಿಯತೊಡಗಿದವು. ಜನ ಮೊದಲು ಗಾಬರಿಯಾದರು, ಆಮೇಲೆ ಒಗ್ಗಿಕೊಂಡರು. ಕುಮುದಾಳಿಗೆ ಅಧ್ಯಕ್ಷರ ಕುರ್ಚಿಯನ್ನು ವಾಪಸು ಕೊಡುವ ಮನಸ್ಸಿಲ್ಲವೆಂಬುದು ಆಗಸ್ಟ್ ಹೊತ್ತಿಗೆ ಅವಳಿಗೇ ಗೊತ್ತಾಯಿತು. ಯಾರಿಗೂ ಹೇಳಲಿಲ್ಲ.

ಅಕ್ಟೋಬರ್‌ನಲ್ಲಿ ಮಹಾಬಲೇಶ್ವರ ಮರಳಿದ. ಅವನ ಹಿಂದೆಯೇ ಕೊಮ್ಯೂನಿನ ಇನ್ನೊಂದು ಪತ್ರ ಬಂತು: ಬೀಗದ ಕೈ ಕೊಡುವ ಮುನ್ನ ಅಧ್ಯಕ್ಷರೂ ಅವರ ಫೊರ್‌ಮುಂದಾರೆಯೂ ಗುರುತಿನ ಚೀಟಿ ಸಮೇತ ಬರತಕ್ಕದ್ದು. ಕೃತಿ ತಿಂಡಿ ತಿನ್ನುತ್ತಾ ಅದನ್ನು ಓದಿದಳು.

"ಅಮ್ಮಾ, ಇದು ಮಕ್ಕಳಿಗೆ ಇರೋದು. ಹದಿನೆಂಟು ಆಗಿಲ್ಲ ಅಂದ್ರೆ ದುಡ್ಡು ಪೇಪರ್ ಎಲ್ಲ ನೋಡ್ಕೋತಾರಲ್ಲ, ಅವ್ರು. ನೀನು ಪಪ್ಪನ್ನ ಬಾರ್ನ್ ಅಂತ ಬರ್ದಿದೀಯ!"

ಬಾರ್ನ್ ಎಂದರೆ ಮಗು. ಕುಮುದಾ ಜೂನ್‌ನ ಪತ್ರವನ್ನು ಮತ್ತೆ ತೆಗೆದು ನೋಡಿದಳು. ಮೂಲೆಯಲ್ಲಿ, ಅವಳು ಓದಿಯೂ ಅಲಂಕಾರವೆಂದು ಬಿಟ್ಟಿದ್ದ ಒಂದು ಟಿಪ್ಪಣಿಯಿತ್ತು: ಯುವಜನ ಸಂಘ, ಆದ್ಯತೆ.

ಗಂಡನಿಗೆ ಅವಳು ಇಷ್ಟೇ ಹೇಳಿದಳು: "ಸೈನ್ ಹಾಕೋಕೆ ಬರ್ಬೇಕಂತೆ." ಅವನು ಐದು ವರ್ಷದಲ್ಲಿ ಕಲಿತ ಸ್ವೀಡಿಶ್ 'ಹೇ' ಎಂಬ ನಮಸ್ಕಾರ ಮತ್ತು 'ತಾಕ್' ಎಂಬ ಧನ್ಯವಾದದಲ್ಲಿ ಮುಗಿಯುತ್ತಿತ್ತು. ಆಫೀಸಿನಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುವಾಗ ಕಲಿಯುವುದೇಕೆ ಎನ್ನುತ್ತಿದ್ದ.

ಕಚೇರಿಯಲ್ಲಿ ಗುನಿಲ್ಲಾ ಎಂಬ ಹಿರಿಯ ಮಹಿಳೆ ಕೂತಿದ್ದರು. ಅವರು ಕಡತ ನೋಡಿದರು, ಮಹಾಬಲೇಶ್ವರನನ್ನು ನೋಡಿದರು, ಅವನ ಹಿಂದಿದ್ದ ಬಾಗಿಲನ್ನು ನೋಡಿದರು.

"ಮಹಾಬಲೇಶ್ವರ ಹೊರಗೆ ಆಡ್ತಿದ್ದಾನಾ?" ಎಂದು ಸ್ವೀಡಿಶ್‌ನಲ್ಲಿ ಕೇಳಿದರು.

"ಇವರೇ," ಎಂದಳು ಕುಮುದಾ.

ಗುನಿಲ್ಲಾ ಗುರುತಿನ ಚೀಟಿ ತೆಗೆದುಕೊಂಡು ಜನ್ಮದಿನಾಂಕ ಓದಿದರು. ೧೯೬೪. ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು. ಆಮೇಲೆ ಬಹಳ ಮೃದುವಾಗಿ, "ಇವರಿಗೆ ಏನಾದರೂ ತೊಂದರೆ ಇದೆಯೇ?" ಎಂದರು.

"ಇಲ್ಲ. ಎಂಜಿನಿಯರ್."

ಮಹಾಬಲೇಶ್ವರ ಹೆಂಡತಿಯ ಕಿವಿಯ ಹತ್ತಿರ ಬಾಗಿ, "ಯಾಕೆ ಹಂಗೆ ನೋಡ್ತಿದಾಳೆ ಕಣೇ?" ಎಂದು ಪಿಸುಗುಟ್ಟಿದ. ಹೆಡ್ವಿಗ್ ಎಲಿಯೊನೊರಾಳ ಮಗ ದೊಡ್ಡವನಾದ ಮೇಲೂ ಹೀಗೆಯೇ ತಾಯಿಯ ಕಿವಿಯಲ್ಲಿ ಪಿಸುಗುಡುತ್ತಿದ್ದನಂತೆ, ಆಕೆ ಅದನ್ನು ಎಲ್ಲರೆದುರು ಗಟ್ಟಿಯಾಗಿ ಹೇಳುತ್ತಿದ್ದಳಂತೆ. ಗುನಿಲ್ಲಾ ಆ ಪಿಸುಮಾತನ್ನು ನೋಡಿದರು. ಎದ್ದು ಬಂದು ಅವನಿಗೊಂದು ಕುರ್ಚಿ ಎಳೆದು ಹಾಕಿ, ಏನೂ ಅವಸರವಿಲ್ಲ ಎಂಬಂತೆ ನಕ್ಕರು. ಅವನು "ತಾಕ್" ಎಂದ. ಅವರು ತಲೆಯಾಡಿಸಿ ಪ್ರೋತ್ಸಾಹಿಸಿದರು.

ಕುಮುದಾ ಸುಮ್ಮನಿದ್ದರೆ ಆಗುತ್ತಿತ್ತು. ಸಭಾಂಗಣ ಉಳಿಯುತ್ತಿತ್ತು, ಕೊಮ್ಯೂನಿನ ಕಡತದಲ್ಲಿ ಅವಳ ಗಂಡ ಬುದ್ಧಿ ಬಲಿಯದವನಾಗಿ ಉಳಿಯುತ್ತಿದ್ದ. ಬಾಯಿಬಿಟ್ಟರೆ ನೂರೆಂಬತ್ತು ಜನ ಮತ್ತೆ ಬೌಲಿಂಗ್ ಹಾಲಿಗೆ. ಅವಳು ಸ್ವೀಡಿಶ್ ವ್ಯಾಕರಣದಂತೆ ಕ್ರಿಯಾಪದವನ್ನು ವಾಕ್ಯದ ಎರಡನೇ ಜಾಗದಲ್ಲಿಡಲು ಮರೆಯದೆ ಎಲ್ಲವನ್ನೂ ಹೇಳಿದಳು: ಜೆರಾಕ್ಸ್, ರಾಣಿ, ಪದ, ತನ್ನ ತಪ್ಪು.

ಗುನಿಲ್ಲಾ ನಗಲಿಲ್ಲ. ಸ್ವಲ್ಪ ನಿರಾಸೆಯಾದಂತೆ ಕಂಡಿತು. ಕಡತ ತಿರುವಿದರು. ಆ ಶನಿವಾರವನ್ನು ಬೇರೆ ಯಾರೂ ಕೇಳಿಲ್ಲ, ಆದ್ಯತೆ ಇರಲಿ ಬಿಡಲಿ ಅದು ನಿಮ್ಮದೇ ಆಗುತ್ತಿತ್ತು ಎಂದರು. ಹಿಂದಿನ ವರ್ಷಗಳಲ್ಲಿ ನಿಮ್ಮ ಅರ್ಜಿ ಅಕ್ಟೋಬರ್‌ನಲ್ಲಿ, ಇ-ಮೇಲ್‌ನಲ್ಲಿ, ಇಂಗ್ಲಿಷಿನಲ್ಲಿ ಬರುತ್ತಿತ್ತು ಎಂದೂ ಸೇರಿಸಿದರು. ತೊಡಕು ಒಂದೇ. ಅರ್ಜಿಗೆ ಅಧ್ಯಕ್ಷರೇ ಸಹಿ ಹಾಕಿರಬೇಕು. ಹಾಕಿದವಳು ಅಧ್ಯಕ್ಷೆಯಲ್ಲದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಮಾರ್ಚ್‌ನಿಂದ ನೀವೇ ಅಧ್ಯಕ್ಷೆ ಎಂದು ಈ ಮಹಾಶಯರು ಬರೆದುಕೊಡುತ್ತಾರೆಯೇ?

"ಏನಂತೆ?" ಎಂದ ಮಹಾಬಲೇಶ್ವರ.

ಕುಮುದಾ ಒಂದಕ್ಷರ ಬಿಡದೆ ಹೇಳಿದಳು. ಫೊರ್‌ಮುಂದಾರೆಯ ಭಾಗವನ್ನೂ ಹೇಳಿದಳು. ಅವನ ಕಿವಿ ಕೆಂಪಾಯಿತು.

"ಅಂದ್ರೆ ಏಪ್ರಿಲ್‌ನಿಂದ ನಾನು ಇಲ್ಲಿ ಮಗು?"

"ಹೂಂ."

"ಭಾಸ್ಕರನಿಗೆ ಗೊತ್ತಾ?"

"ಇಲ್ಲ."

"ಇದು ಬರೀ ಪೇಪರ್ ಮೇಲೆ ತಾನೆ?"

"ಅವರು ಕೇಳ್ತಿರೋದೂ ಪೇಪರ್‌ನೇ."

ಅವನು ಸಹಿ ಹಾಕಿದ. ಗುನಿಲ್ಲಾ ಪೆನ್ನು ಹಿಡಿದು ಹಾಳೆಯ ಕೊನೆಯ ಮನೆಗೆ ಬಂದರು: ಅಧಿಕಾರಾವಧಿ, ಎಲ್ಲಿಯವರೆಗೆ? ಅಂಕಿ ಬರೆಯಲು ಬಿಟ್ಟಿದ್ದ ಜಾಗ ನೋಡಿ ಮಹಾಬಲೇಶ್ವರನಿಗೂ ಪ್ರಶ್ನೆ ಅರ್ಥವಾಯಿತು. ಮತ್ತೆ ಬಾಗಿದ.

"ಫಂಕ್ಷನ್ ಮುಗಿಯೋವರ್ಗೂ ಅನ್ನು. ನವೆಂಬರ್ ಹನ್ನೊಂದು."

ಕುಮುದಾ ಗುನಿಲ್ಲಾರ ಕಡೆ ತಿರುಗಿ, ಸ್ಪಷ್ಟವಾದ ಸ್ವೀಡಿಶ್‌ನಲ್ಲಿ, "ಮುಂದಿನ ವಾರ್ಷಿಕ ಸಭೆಯವರೆಗೆ. ಅಲ್ಲಿ ನಾನು ಚುನಾವಣೆಗೆ ನಿಲ್ಲುತ್ತೇನೆ," ಎಂದಳು.

ಗುನಿಲ್ಲಾ ಬರೆದುಕೊಂಡರು.

"ಹೇಳಿದ್ಯಾ?"

"ಹೇಳ್ದೆ."

"ಉದ್ದ ಆಯ್ತಲ್ಲ?"

"ಸ್ವೀಡಿಶ್‌ನಲ್ಲಿ ಸ್ವಲ್ಪ ಉದ್ದ ಆಗತ್ತೆ ರೀ," ಎಂದಳು ಕುಮುದಾ.