ಬೆನ್ನ ಹಿಂದಿನ ಹಸಿರು

ನಾನು ಒಂದು ಫ್ಲಡ್ ಲೈಟು. ಹುಟ್ಟಿದ್ದು ಹೊಸೂರಿನ ಕಡೆಯ ಒಂದು ಕಾರ್ಖಾನೆಯಲ್ಲಿ. ಕ್ರಿಕೆಟ್ ಮೈದಾನಕ್ಕೆ ಹೋಗುತ್ತೇನೆಂದು ಪೆಟ್ಟಿಗೆಯೊಳಗೆ ಕೂತು ಕನಸು ಕಂಡವನು. ಇಳಿಸಿದ್ದು ತದಡಿ ಬಂದರಿನಲ್ಲಿ, ಪಾಂಡು ತಾಂಡೇಲನ ಬೋಟಿನ ಮೇಲೆ. ಬಾಯಿಲ್ಲದವನ ಇಷ್ಟವನ್ನು ಯಾರು ಕೇಳುತ್ತಾರೆ?

ಕೆಲಸವೇನೋ ರಾಜನದು. ನಡುಗಡಲಲ್ಲಿ ನನ್ನನ್ನು ಹೊತ್ತಿಸಿದರೆ ಸಾಕು, ಬಂಗಡೆ, ಬೊಂಡಾಸು, ಮರಿ, ದೊಡ್ಡದು ಎನ್ನದೆ ಮೀನುಗಳೆಲ್ಲವೂ ನನ್ನ ಕೆಳಗೆ ಬಂದು ಸುತ್ತುತ್ತಿದ್ದವು. ಆಮೇಲೆ ಬಲೆ ಬೀಳುತ್ತಿತ್ತು. ತನ್ನ ಲೈಟಿಗೆ ಕಣ್ಣು ಹೊಡೆಯುವುದು ಗೊತ್ತು ಎಂದು ಪಾಂಡು ಬಂದರಿಡೀ ಹೇಳಿಕೊಂಡು ತಿರುಗುತ್ತಿದ್ದ. ನಾನೂ ಉಬ್ಬಿದೆ. ಬೆಳಕು ಕರೆಯುತ್ತದೆ, ಕರೆದವರು ಬರುತ್ತಾರೆ. ನನ್ನ ಓದು ಅಷ್ಟಕ್ಕೇ ನಿಂತುಹೋಯಿತು.

ಬೆಳಕು ಹಾಯಿಸಿ ಮೀನು ಹಿಡಿಯಬಾರದೆಂದು ಆದೇಶ ಬಂದದ್ದೇ ತಡ, ಪಾಂಡು ನನ್ನನ್ನು ಗುಜರಿಗೆ ಎಸೆದ. ಮಳೆ ನೀರು ಒಳಗಿಳಿದು ನನ್ನ ಅರ್ಧ ಬಲ್ಬುಗಳು ಸತ್ತವು.

ಅಲ್ಲಿಂದ ಎತ್ತಿದವರು ವಸುಧಾ ಮೇಡಂ. ಕಡಲಪಾಚಿ ಬೆಳೆಸುವುದನ್ನು ಊರ ಹೆಂಗಸರಿಗೆ ಕಲಿಸಲು ಬಂದವರು. ಕಲಿಯಲು ಕೊನೆಗೆ ಉಳಿದವಳು ಶೇವಂತಿ ಒಬ್ಬಳೇ. ಅವಳು ಮೊದಲು ಐಸಿನಲ್ಲಿ ಕೈಯಿಟ್ಟು ಸಿಗಡಿ ಸುಲಿಯುತ್ತಿದ್ದವಳು. ಬೆರಳೆಲ್ಲ ಸೀಳಿ, ಅನ್ನ ಕಲಸಲೂ ಉರಿಯುತ್ತಿತ್ತು. ಮೀನುಗಾರರ ಸಂಘ ಹಳೆ ಬಲೆ ಶೆಡ್ಡನ್ನು ಮಳೆಗಾಲ ಮುಗಿಯುವವರೆಗೆ ಮಾತ್ರ ಕೊಟ್ಟಿತ್ತು. ಅಷ್ಟರೊಳಗೆ ಪಾಚಿ ಹಬ್ಬಿಸುವ ಹಗ್ಗದ ಮೇಲೆ ಹಸಿರು ಹಿಡಿಯದಿದ್ದರೆ ಶೆಡ್ಡಿಗೆ ಬೀಗ, ಶೇವಂತಿಗೆ ಮತ್ತೆ ಐಸು.

ಶೆಡ್ಡಿನ ನಡುವೆ ಉದ್ದನೆಯ ಸಿಮೆಂಟು ತೊಟ್ಟಿ, ಉಪ್ಪುನೀರು. ತೊಟ್ಟಿಯ ಮಧ್ಯದಲ್ಲಿ ಕಂಬಕ್ಕೆ ನನ್ನನ್ನು ಕಟ್ಟಿದರು. ನನ್ನ ಮುಖ ಕಡಲ ಕಡೆಯ ತುದಿಗೆ. ಅಲ್ಲೇ ಹಗ್ಗಗಳನ್ನು ಇಳಿಬಿಟ್ಟರು. ಕಾಗದದಷ್ಟು ತೆಳ್ಳಗಿನ ಹಸಿರು ಪಾಚಿಯನ್ನು ತಂದು ನೀರಿಗೆ ಹಾಕಿದರು. ಬೆಳಿಗ್ಗೆ ನಾನು ಹೊತ್ತಿಕೊಂಡದ್ದೇ ಪಾಚಿಯ ಅಂಚಿನಿಂದ ಬೀಜಕಣಗಳು ಹೊಗೆಯಂತೆ ಹೊರಟವು. ಒಂದೊಂದಕ್ಕೂ ಎರಡೆರಡು ಬಾಲ, ಬೆಳಕು ತಿಳಿಯಲು ಒಂದು ಕೆಂಪು ಚುಕ್ಕೆ. ಸೀದಾ ನನ್ನ ಬೆಳಕಿಗೇ ಈಜಿ ಬಂದವು. ಮೇಡಂ ಚಪ್ಪಾಳೆ ತಟ್ಟಿದರು. ನನಗೂ ಬೋಟಿನ ಮೇಲೆ ನಿಂತಂತಾಯಿತು.

ಆದರೆ ನನ್ನ ಬೆಳಕಿನಲ್ಲಿ ಜೊತೆ ಸಿಕ್ಕಿ ಎರಡು ಸೇರಿ ಒಂದಾದದ್ದೇ ತಡ, ಅವು ನನಗೆ ಬೆನ್ನು ಹಾಕಿದವು! ನಾಲ್ಕೂ ಬಾಲ ಬಡಿಯುತ್ತ ನನ್ನ ಹಿಂದಿನ ಕತ್ತಲ ತುದಿಗೆ ಓಡಿ, ಗೋಡೆ ಕಚ್ಚಿ ಕೂತವು. ಹಗ್ಗ ಬೋಳು.

ತೊಟ್ಟಿಯಲ್ಲಿ ಬೇರೆ ಕಳೆ ಬೆಳೆಯಬಾರದು, ಚೊಕ್ಕ ಇಡು ಎಂದು ಮೇಡಂ ಹೇಳಿದ್ದರು. ಶೇವಂತಿ ಬ್ರಷ್ಷು ಹಿಡಿದು ಆ ಗೋಡೆಯ ಹಸಿರು ಲೋಳೆಯನ್ನು ಉಜ್ಜಿ ಉಜ್ಜಿ ಚರಂಡಿಗೆ ಬಿಟ್ಟಳು. ಹಗ್ಗ ಚಿಗುರಲಿ ಎಂದು ಮನೆದೇವರಿಗೆ ಹರಕೆ ಹೊತ್ತುಕೊಂಡೇ ಉಜ್ಜಿದಳು. ಅದೇ ನಿನ್ನ ಬೆಳೆ, ಬಿಡೇ ಮಾರಾಯ್ತಿ ಎಂದು ನಾನು ಒಳಗೊಳಗೇ ಕೂಗಿದೆ. ಹೊರಗೆ ಬಂದದ್ದು ಬರೀ ಗುಂಯ್ ಎಂಬ ಸದ್ದು. ಹಗ್ಗಕ್ಕೆ ಬೆಳಕು ಸಾಲದು ಎಂದು ಮೇಡಂ ನನ್ನನ್ನು ಇನ್ನೂ ಕೆಳಗಿಳಿಸಿದರು. ಅವು ಇನ್ನೂ ಜೋರಾಗಿ ಓಡಿದವು. ಅವಳು ಇನ್ನೂ ಜೋರಾಗಿ ಉಜ್ಜಿದಳು. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ.

ಮಳೆ ಹಿಂದೆ ಸರಿಯಿತು. ಸಂಘದವರು ಬಂದು ಬೀಗದ ಅಳತೆ ನೋಡಿಕೊಂಡು ಹೋದರು. ಕೊನೆಯ ಸಲದ ಪಾಚಿ ಹಾಕಿದ ಬೆಳಿಗ್ಗೆ ನಾನು ಮಿಣಕ್ ಮಿಣಕ್ ಎಂದೆ. ಶೇವಂತಿ ಎದ್ದು ಬಂದು ನನ್ನ ಕೆನ್ನೆಗೆ ಬಾರಿಸಿದಳು. ತುಕ್ಕು ಹಿಡಿದ ಕುತ್ತಿಗೆ ಪೂರ್ತಿ ಹಿಂದಕ್ಕೆ ತಿರುಗಿತು.

"ನಿನ್ನ ಮೋರೆ ನೋಡೂದೇ ಬ್ಯಾಡ. ಅತ್ಲಾಗೆ ನಿಂತ್ಕ," ಎಂದಳು.

ನಿಂತೆ. ಈಗ ಹಗ್ಗಗಳು ನನ್ನ ಬೆನ್ನಿಗೆ, ಕತ್ತಲಲ್ಲಿ.

ವಾರ ಕಳೆದು, ಬಿಸಾಡಲೆಂದು ಹಗ್ಗ ಎಳೆದಾಗ ಅವಳ ಕೈ ಜಾರಿತು. ಬಾಗಿಲ ಬೆಳಕಿಗೆ ಹಿಡಿದಳು. ಹಗ್ಗದ ಎಳೆಯೆಳೆಗೂ ಹಸಿರು.

ಮೇಡಂ ನೆಲದ ಮೇಲೆಯೇ ಕೂತುಬಿಟ್ಟರು. "ಬೆಳಕಿಗೆ ಬರ್ತವೆ ಅನ್ನೋದಷ್ಟೇ ನನ್ನ ತಲೇಲಿತ್ತು ಶೇವಂತಿ. ಕೂಡಿದ ಮೇಲೆ ಬೆಳಕು ಬಿಟ್ಟು ಓಡ್ತವೆ. ಅದು ಹೊಳೀಲೇ ಇಲ್ಲ."

"ಹಂಗಾರೆ ನಾ ಗೋಡೆಯಿಂದ ಉಜ್ಜಿ ತೆಗೆದದ್ದು ಎಂತದು ಮೇಡಮ್ಮ?"

ಮೇಡಂ ಚರಂಡಿಯ ಕಡೆ ನೋಡಿದರು. ಶೇವಂತಿ ಬ್ರಷ್ಷನ್ನು ಕಿಟಕಿಯಿಂದ ಹೊರಗೆ ಎಸೆದಳು.

ಶೆಡ್ಡು ಉಳಿಯಿತು, ಅವಳ ಬೆರಳಿನ ಸೀಳುಗಳೂ ಕೂಡಿಕೊಂಡವು. ನನಗೇನು ಸಿಕ್ಕಿತು? ಈ ಲೈಟಿಗೆ ಪೆಟ್ಟೇ ಮದ್ದು ಎಂಬ ಹೆಸರು. ಹೊಸ ಪಾಚಿ ಹಾಕಿದಾಗಲೆಲ್ಲ ನೇಮದಂತೆ ಕೆನ್ನೆಗೆ ಒಂದು ಏಟು. ಈಗ ನನ್ನಲ್ಲಿ ಬದುಕಿರುವ ಬಲ್ಬು ಮೂರೋ ನಾಲ್ಕೋ. ಬೆನ್ನ ಹಿಂದಿನ ಹಸಿರು ಬೆಳೆಯುವುದನ್ನು ಒಂದು ದಿನವೂ ಕಣ್ಣಾರೆ ಕಂಡಿಲ್ಲ. ಕುತ್ತಿಗೆ ಅತ್ತ ತಿರುಗುವುದೇ ಇಲ್ಲ. ಸಿಟ್ಟು ಬರುತ್ತದೆ. ಆದರೂ ಬೋಟಿನ ಮೇಲೆ ನಾನು ಕರೆದಾಗ ಬಂದವರಲ್ಲಿ ಒಬ್ಬರೂ ವಾಪಸು ಹೋಗಲಿಲ್ಲ. ಇಲ್ಲಿ ನನ್ನಿಂದ ಓಡಿದವು ಬೇರೂರಿ ಕೂತಿವೆ.

ಓಡಲಿ.